ಮುಳುಗಿದಷ್ಟೂ ಬೆಳೆಯುವ ನೆಲ

ಕ್ರಿ.ಶ. ಒಂದನೆಯ ಶತಮಾನದ ಮಾತು. ರೋಮ್ ಸೇನೆಯಲ್ಲಿ ಅಧಿಕಾರಿಯಾಗಿದ್ದ ಪ್ಲಿನಿ ಎಂಬ ತರುಣ ಇಂದಿನ ಜರ್ಮನಿಯ ಉತ್ತರ ಕರಾವಳಿಗೆ ಬಂದ. ಅಲ್ಲಿ ಕಂಡ ದೃಶ್ಯವನ್ನು ಅವನು ಕಡೆಯವರೆಗೂ ಮರೆಯಲಿಲ್ಲ. ಮುಂದೆ 37 ಸಂಪುಟಗಳ 'ನಿಸರ್ಗ ಚರಿತ್ರೆ'ಯನ್ನು ಬರೆದಾಗ, ಹದಿನಾರನೆಯ ಸಂಪುಟದಲ್ಲಿ ಆ ತೀರದ ಜನರ ಬದುಕನ್ನು ವಿವರವಾಗಿ ವರ್ಣಿಸಿದ.

ದಿನಕ್ಕೆ ಎರಡು ಸಲ ಅಲ್ಲಿ ಸಮುದ್ರ ಒಳನುಗ್ಗಿ ನೆಲವನ್ನೆಲ್ಲ ಮುಚ್ಚಿಬಿಡುತ್ತಿತ್ತು. ಅದು ನೆಲವೋ ಕಡಲೋ ಎಂದು ಹೇಳುವುದೇ ಕಷ್ಟ. ಜನ ಕೈಯಿಂದ ಮಣ್ಣು ಪೇರಿಸಿ ಕಟ್ಟಿದ ದಿಬ್ಬಗಳ ಮೇಲೆ ಗುಡಿಸಲು ಹಾಕಿಕೊಂಡಿದ್ದರು. ಉಬ್ಬರದಲ್ಲಿ ಅವರು ಹಡಗಿನಲ್ಲಿ ಹೊರಟವರಂತೆ, ಇಳಿತದಲ್ಲಿ ಹಡಗೊಡೆದು ದಡ ಸೇರಿದವರಂತೆ ಕಾಣುತ್ತಿದ್ದರಂತೆ. ಕುಡಿಯಲು ಮನೆಯ ಮುಂದಿನ ಹೊಂಡದಲ್ಲಿ ಹಿಡಿದಿಟ್ಟ ಮಳೆನೀರು ಬಿಟ್ಟರೆ ಬೇರೆ ನೀರಿಲ್ಲ. ಉರುವಲಿಗೆ ಮರವಿಲ್ಲ. ಕೈಯಲ್ಲಿ ಅಗೆದ ಕೆಸರುಮಣ್ಣನ್ನೇ ಗಾಳಿಗೆ ಒಣಗಿಸಿ ಸುಡುತ್ತಿದ್ದರು.

ಪ್ಲಿನಿಗೆ ಆ ಜನರನ್ನು ಕಂಡು ಕನಿಕರವಾಯಿತು. ಇಂಥವರೂ ರೋಮ್‌ನ ಅಧೀನರಾಗಲು ಒಪ್ಪುವುದಿಲ್ಲವಲ್ಲ ಎಂದು ಅಚ್ಚರಿಯೂ ಆಯಿತು.

ರೋಮ್ ಸಾಮ್ರಾಜ್ಯ ಅಳಿದು ಶತಮಾನಗಳೇ ಕಳೆದಿವೆ. ಆದರೆ ಅದೇ ಸಮುದ್ರದ ಅಂಚಿನಲ್ಲಿ, ಪ್ಲಿನಿ ಕಂಡ ಜಾಗಕ್ಕಿಂತ ತುಸು ಉತ್ತರಕ್ಕೆ, ಮಣ್ಣಿನ ದಿಬ್ಬಗಳ ಮೇಲೆ ಮನೆ ಕಟ್ಟಿಕೊಂಡು ಇಂದಿಗೂ ಜನ ಬದುಕುತ್ತಿದ್ದಾರೆ. ಸಮುದ್ರವನ್ನು ಗೋಡೆ ಕಟ್ಟಿ ಹೊರಗಿಟ್ಟ ಅವರ ಶ್ರೀಮಂತ ನೆರೆಯವರ ಊರುಗಳು ಮಾತ್ರ ಕೆಸರಿನಡಿ ಮಲಗಿವೆ. ಹೀಗೇಕಾಯಿತು? ಉತ್ತರ ಹುಡುಕಬೇಕಾದರೆ ಮೊದಲು ಆ ನೆಲವನ್ನು ನೋಡಬೇಕು.

ಅಂಗೈಯಗಲದ ದ್ವೀಪಗಳು

ಭೂಪಟದಲ್ಲಿ ಜರ್ಮನಿಯನ್ನು ತೆಗೆದು, ಡೆನ್ಮಾರ್ಕಿಗೆ ಅಂಟಿಕೊಂಡ ಅದರ ವಾಯವ್ಯ ಮೂಲೆಯನ್ನು ನೋಡಿ. ಉತ್ತರ ಸಮುದ್ರದ ಈ ಅಂಚಿನ ಹೆಸರು ಉತ್ತರ ಫ್ರೀಸ್‌ಲ್ಯಾಂಡ್. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟದಲ್ಲಿ ಸುಮಾರು 3 ಮೀಟರ್ ವ್ಯತ್ಯಾಸ. ತೀರ ಬಹಳ ಚಪ್ಪಟೆಯಾದ್ದರಿಂದ ಇಳಿತದ ವೇಳೆ ಕಿಲೋಮೀಟರುಗಟ್ಟಲೆ ಕೆಸರು ಬಯಲು ತೆರೆದುಕೊಳ್ಳುತ್ತದೆ. ಆರು ಗಂಟೆ ಕಳೆದರೆ ಅದೇ ಬಯಲಿನ ಮೇಲೆ ದೋಣಿ ಹೋಗಬಹುದು. ಇದೇ ವಾಡನ್ ಸಮುದ್ರ. 2009ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಬಯಲಿನ ನಡುವೆ ಹತ್ತು ಪುಟ್ಟ ಹುಲ್ಲುಗಾವಲುಗಳಿವೆ. ಅವಕ್ಕೆ 'ಹಾಲಿಗ್' ಎಂದು ಹೆಸರು. ಹೋಗೆ, ಲಾಂಗೆನೆಸ್, ಗ್ರೋಡೆ ಅವುಗಳಲ್ಲಿ ಕೆಲವು. ಎಲ್ಲ ಸೇರಿ ಅಲ್ಲಿ ವಾಸಿಸುವವರು ಕೆಲವು ನೂರು ಮಂದಿ. ಮಾಮೂಲು ಉಬ್ಬರಕ್ಕಿಂತ ಈ ನೆಲ ಹೆಚ್ಚೆಂದರೆ ಒಂದು ಮೀಟರಿನ ಆಸುಪಾಸು ಎತ್ತರವಿದೆ, ಅಷ್ಟೇ. ಚಳಿಗಾಲದಲ್ಲಿ ಬಿರುಗಾಳಿ ಬೀಸಿದರೆ ಸಮುದ್ರ ಹುಲ್ಲುಗಾವಲಿನ ಮೇಲೇ ಹರಿಯುತ್ತದೆ. ಆಗ ಹೊರಗೆ ಕಾಣುವುದು ಮನೆಗಳನ್ನು ಹೊತ್ತ ದಿಬ್ಬಗಳು ಮಾತ್ರ. ಸ್ಥಳೀಯರು ಇದಕ್ಕೆ 'ಲಾಂಡ್ ಉಂಟರ್' ಎನ್ನುತ್ತಾರೆ, ಅಂದರೆ ನೆಲ ಮುಳುಗಿತು ಎಂದರ್ಥ. ಕೆಲವು ಹಾಲಿಗ್‌ಗಳಲ್ಲಿ ಇದು ವರ್ಷಕ್ಕೆ ಹತ್ತಾರು ಸಲ ಆಗುವುದುಂಟು. ದನಗಳನ್ನು ದಿಬ್ಬಕ್ಕೆ ಹೊಡೆದು ತಂದು, ಬಾಗಿಲು ಭದ್ರಪಡಿಸಿ, ನೀರು ಇಳಿಯುವವರೆಗೆ ಕಾಯುತ್ತಾರೆ. ಮಕ್ಕಳಿಗೆ ಅಂದು ಶಾಲೆಯಿಲ್ಲ!

ಸಗಣಿಯ ಮೇಲೆ ನಿಂತ ಊರು

ಈ ದಿಬ್ಬಗಳಿಗೆ 'ವಾರ್ಫ್ಟ್' ಎಂದು ಹೆಸರು. ಇವನ್ನು ಕಟ್ಟಿದ್ದು ಹೇಗೆ ಎಂಬುದು ಪುರಾತತ್ವ ತಜ್ಞರ ಅಗೆತದಿಂದ ತಿಳಿದಿದೆ. ಎಲ್ಬೆ ಮತ್ತು ವೇಸರ್ ನದಿಗಳ ನಡುವಣ ತೀರದಲ್ಲಿ ಫೆಡರ್ಸನ್ ವೀರ್ಡೆ ಎಂಬ ದಿಬ್ಬವಿದೆ. ವೆರ್ನರ್ ಹಾರ್ನಾಗೆಲ್ ಎಂಬ ತಜ್ಞರು 1955ರಿಂದ 1963ರವರೆಗೆ ಅದನ್ನು ಅಗೆಸಿದರು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಅಲ್ಲಿ ಜನ ಸಮತಟ್ಟಾದ ನೆಲದ ಮೇಲೇ ಮನೆ ಕಟ್ಟಿದ್ದರು. ಆಮೇಲೆ ಸಮುದ್ರದ ಕಾಟ ಹೆಚ್ಚಿದಂತೆ ಪ್ರತಿ ಮನೆಯವರೂ ತಮ್ಮ ಮನೆಯಡಿ ದಿಬ್ಬ ಏರಿಸತೊಡಗಿದರು. ಕಾಲಕ್ರಮದಲ್ಲಿ ಆ ದಿಬ್ಬಗಳು ಒಂದಕ್ಕೊಂದು ಕೂಡಿಕೊಂಡು ಇಡೀ ಊರು ಒಂದೇ ಎತ್ತರದ ಮೇಲೆ ಬಂತು.

ಏರಿಸಲು ಬಳಸಿದ್ದು ಏನು ಗೊತ್ತೇ? ಜೇಡಿಮಣ್ಣು ಮತ್ತು ಸಗಣಿ. ಅಲ್ಲಿ ಜನ, ದನ ಎಲ್ಲರೂ ಒಂದೇ ಮಾಡಿನಡಿ ಇರುತ್ತಿದ್ದರು. ಉದ್ದನೆಯ ಮನೆಯ ಒಂದು ತುದಿಯಲ್ಲಿ ಒಲೆ, ಇನ್ನೊಂದು ತುದಿಯಲ್ಲಿ ಕೊಟ್ಟಿಗೆ. ಚಳಿಗಾಲವಿಡೀ ಕಟ್ಟಿದ ದನಗಳ ಸಗಣಿ, ಗಂಜಲ, ಹುಲ್ಲು ಬೇಕಾದಷ್ಟು ಸಿಗುತ್ತಿತ್ತು. ಅದನ್ನು ಹರವಿ, ಮೇಲೆ ಜೇಡಿಮಣ್ಣು ಬಡಿದರೆ ಒಂದು ಪದರ ಏರಿತು. ನೀರು ನಿಂತ, ಗಾಳಿಯಾಡದ ಈ ಪದರಗಳಲ್ಲಿ ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಸಿಗುವುದಿಲ್ಲ. ಹಾಗಾಗಿ ಸುಮಾರು ಎರಡು ಸಾವಿರ ವರ್ಷ ಕಳೆದರೂ ಮನೆಯ ಕಂಬಗಳು, ಹೆಣೆದ ತಟ್ಟಿ ಗೋಡೆಗಳು ಅಲ್ಲಿ ಉಳಿದಿದ್ದವು.

ಹನಿ ಹನಿಯ ಲೆಕ್ಕ

ಉಪ್ಪುನೀರಿನ ನಡುವೆ ಸಿಹಿನೀರು ಎಲ್ಲಿಂದ? ಪ್ಲಿನಿಯ ಕಾಲದಲ್ಲಿದ್ದ ಉತ್ತರವೇ ಹಾಲಿಗ್‌ಗಳಲ್ಲೂ ನಡೆದುಬಂತು: ಆಕಾಶದಿಂದ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಮೂತ್ರಪಿಂಡ ಅಷ್ಟು ಗಾಢವಾದ ಉಪ್ಪನ್ನು ಹೊರಹಾಕಲಾರದು. ಒಂದು ಲೋಟ ಸಮುದ್ರದ ನೀರು ಕುಡಿದರೆ ಆ ಉಪ್ಪನ್ನು ಕಳೆಯಲು ಒಂದು ಲೋಟಕ್ಕಿಂತ ಹೆಚ್ಚು ನೀರನ್ನು ದೇಹ ಕಳೆದುಕೊಳ್ಳಬೇಕಾಗುತ್ತದೆ. ಕುಡಿದಷ್ಟೂ ದಾಹ.

ಈ ತೀರದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದು ಮುಂಗಾರಿನಂತೆ ನಾಲ್ಕು ತಿಂಗಳಲ್ಲಿ ಸುರಿಯದೆ, ವರ್ಷವಿಡೀ ಸ್ವಲ್ಪಸ್ವಲ್ಪವೇ ಬೀಳುತ್ತದೆ. ಒಂದು ಮನೆಯ ಮಾಡು 200 ಚದರ ಮೀಟರ್ ಎಂದುಕೊಳ್ಳಿ. 200ನ್ನು 0.8 ಮೀಟರಿನಿಂದ ಗುಣಿಸಿದರೆ 160 ಘನ ಮೀಟರ್, ಅಂದರೆ 1,60,000 ಲೀಟರ್. ಬಹಳವಾಯಿತು ಎನಿಸುತ್ತದೆಯಲ್ಲವೇ? ಆದರೆ ಒಂದು ಹಸು ದಿನಕ್ಕೆ 50 ಲೀಟರ್ ಕುಡಿದರೂ ವರ್ಷಕ್ಕೆ 18,250 ಲೀಟರ್ ಆಯಿತು. ಹತ್ತು ಹಸುಗಳಿದ್ದರೆ 1,82,500 ಲೀಟರ್. ಮಾಡಿನ ನೀರು ದನಗಳಿಗೇ ಸಾಲದು!

ಆದ್ದರಿಂದ ಹಾಲಿಗ್‌ನವರು ಮಾಡಿನ ಜೊತೆಗೆ ದಿಬ್ಬವನ್ನೂ ನೀರು ಹಿಡಿಯಲು ಹಚ್ಚಿದರು. ವಾರ್ಫ್ಟ್‌ನ ನಡುವೆ ಒಂದು ದೊಡ್ಡ ಹೊಂಡ. ಅದಕ್ಕೆ 'ಫೇಟಿಂಗ್' ಎಂದು ಹೆಸರು. ನೀರು ಇಂಗದಂತೆ ತಳಕ್ಕೂ ಬದಿಗೂ ಜೇಡಿಮಣ್ಣು ಮೆತ್ತುತ್ತಿದ್ದರು. ದಿಬ್ಬದ ನೆತ್ತಿಯ ಮೇಲೆ ಬಿದ್ದ ಮಳೆ ಇಳಿಜಾರಿನಲ್ಲಿ ಹರಿದು ಹೊಂಡ ಸೇರುತ್ತಿತ್ತು. ಅಲ್ಲಿಂದ ನೆಲದಡಿಯ ಕೊಳವೆ ಬಾವಿಯಂಥ ಕಿರಿದಾದ ಗುಂಡಿಗೆ ನೀರು ಒಯ್ಯುತ್ತಿತ್ತು. ದನಗಳಿಗೆ ಅಲ್ಲಿಂದ ಸೇದಿ ಹಾಕುತ್ತಿದ್ದರು. ಮಾಡಿನಿಂದ ಇಳಿದ ನೀರನ್ನು ಬೇರೆ ತೊಟ್ಟಿಯಲ್ಲಿ ಹಿಡಿದು ಮನೆಮಂದಿಗೆ ಮೀಸಲಿಡುತ್ತಿದ್ದರು. ಬೆಂಕಿ ಬಿದ್ದರೆ ಆರಿಸಲೂ ಫೇಟಿಂಗ್‌ನ ನೀರೇ ಗತಿ.

ಆದ್ದರಿಂದಲೇ ದೊಡ್ಡ ಪ್ರವಾಹದ ಭಯ ನೀರು ಇಳಿದ ಮೇಲೂ ಮುಗಿಯುತ್ತಿರಲಿಲ್ಲ. ಸಮುದ್ರ ದಿಬ್ಬವನ್ನೂ ಏರಿ ಫೇಟಿಂಗ್‌ಗೆ ಬಿದ್ದರೆ ಹೊಂಡವೆಲ್ಲ ಉಪ್ಪು. ಅದನ್ನು ಖಾಲಿ ಮಾಡಿ, ತೊಳೆದು, ಮತ್ತೆ ಮಳೆಗೆ ಕಾಯಬೇಕು. ರಾತ್ರಿಯ ಅಲೆಗಳಿಂದ ಉಳಿದ ದನ ಮರುದಿನ ನೀರಿಲ್ಲದೆ ಕಂಗೆಡುತ್ತಿತ್ತು. 1962ರ ಪ್ರವಾಹದ ನಂತರದ ವರ್ಷಗಳಲ್ಲಿ ಮುಖ್ಯಭೂಮಿಯಿಂದ ಸಮುದ್ರದಡಿಯ ಕೊಳವೆಗಳು ಬಂದ ಮೇಲಷ್ಟೇ ಈ ಚಿಂತೆ ತೀರಿತು.

ಬೆರಣಿ, ಹುಲ್ಲು, ಓಕ್ ಕಂಬ

ಉಪ್ಪುಗಾಳಿ ಬೀಸುವ ಈ ಬಯಲಲ್ಲಿ ಉರುವಲಿಗಾಗುವಷ್ಟು ಮರಗಳಿಲ್ಲ. ಹಾಗಾದರೆ ಒಲೆಗೆ ಏನು ಹಾಕುತ್ತಿದ್ದರು? ಕರ್ನಾಟಕದ ಹಳ್ಳಿಯ ಅಜ್ಜಿಗೆ ಈ ಪ್ರಶ್ನೆ ಕೇಳಿದರೆ ಥಟ್ಟನೆ ಹೇಳಿಯಾಳು: ಬೆರಣಿ! ಹೌದು, ಹಾಲಿಗ್‌ನ ಜನರೂ ಬೆರಣಿಯನ್ನೇ ಉರಿಸುತ್ತಿದ್ದರು. ಅದಕ್ಕೆ ಅಲ್ಲಿ 'ಡಿಟ್ಟೆನ್' ಎಂದು ಹೆಸರು. ತಟ್ಟುವ ಕ್ರಮ ಮಾತ್ರ ಬೇರೆ. ಚಳಿಗಾಲವಿಡೀ ಕೂಡಿಟ್ಟ ಸಗಣಿಯನ್ನು ವಸಂತದಲ್ಲಿ ದಿಬ್ಬದ ಇಳಿಜಾರಿನ ಮೇಲೆ ಹರವಿ, ತುಳಿದು ಚಪ್ಪಟೆ ಮಾಡಿ, ಚೌಕಾಕಾರವಾಗಿ ಕತ್ತರಿಸಿ ಒಣಗಿಸುತ್ತಿದ್ದರು.

ಹೊಲದಲ್ಲಿ ಧಾನ್ಯ ಬೆಳೆಯದು. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಬೇರು ನೀರನ್ನು ಹೀರಲಾರದು. ಆದರೆ ಉಪ್ಪಿಗೆ ಒಗ್ಗಿದ ಗಿಡಗಳುಂಟು. ಜೌಗಿನ ಅಂಚಿನ ಸ್ಯಾಲಿಕಾರ್ನಿಯ ತನ್ನ ದಪ್ಪ ಕಾಂಡದಲ್ಲಿ ನೀರು ತುಂಬಿಕೊಂಡು ಉಪ್ಪಿನ ತೀವ್ರತೆಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ಬೇಸಗೆಯಲ್ಲಿ ಇಡೀ ಹಾಲಿಗ್‌ಗೆ ನೇರಳೆ ಬಣ್ಣ ಬಳಿಯುವ ಲಿಮೋನಿಯಂ ಗಿಡ ಎಲೆಯ ಮೇಲಿನ ಗ್ರಂಥಿಗಳಿಂದ ಉಪ್ಪನ್ನು ಹೊರಗೆ ಚೆಲ್ಲುತ್ತದೆ. ಇಂಥ ಗಿಡಗಳ ನಡುವಿನ ಹುಲ್ಲೇ ಜನರ ಸಂಪತ್ತು. ಹುಲ್ಲು ಕೊಯ್ದ ದಿನ ಅಕಾಲದ ಉಬ್ಬರ ಬಂದರೆ ವರ್ಷದ ಮೇವು ತೇಲಿ ಹೋಗುತ್ತಿತ್ತು.

17 ಮತ್ತು 18ನೆಯ ಶತಮಾನಗಳಲ್ಲಿ ಇಲ್ಲಿನ ಗಂಡಸರು ಡಚ್ಚರ ಹಡಗುಗಳಲ್ಲಿ ತಿಮಿಂಗಿಲ ಬೇಟೆಗೆ ಉತ್ತರ ಧ್ರುವದತ್ತ ಹೋಗುತ್ತಿದ್ದರು. ಬೇಸಗೆಯಿಡೀ ದನ, ಹುಲ್ಲು, ನೀರು, ಮಕ್ಕಳು ಎಲ್ಲವೂ ಹೆಂಗಸರ ಪಾಲಿಗೆ.

ಮನೆ ಕಟ್ಟುವುದರಲ್ಲೂ ಒಂದು ಜಾಣ್ಮೆಯಿತ್ತು. ಮಾಡಿನ ಭಾರವನ್ನು ಗೋಡೆಗಳು ಹೊರುತ್ತಿರಲಿಲ್ಲ. ದಿಬ್ಬದೊಳಕ್ಕೆ ಆಳವಾಗಿ ಹೂತ ಓಕ್ ಮರದ ಕಂಬಗಳು ಹೊರುತ್ತಿದ್ದವು. ಅಲೆಗಳು ಬಡಿದು ಇಟ್ಟಿಗೆ ಗೋಡೆ ಕುಸಿದರೂ ಕಂಬಗಳ ಮೇಲೆ ಮಾಡು ನಿಂತಿರುತ್ತಿತ್ತು. ಅಟ್ಟದ ಹುಲ್ಲಿನ ನಡುವೆ ಮನೆಮಂದಿ ರಾತ್ರಿ ಕಳೆಯುತ್ತಿದ್ದರು. ಎಲ್ಲ ಸಲವೂ ಉಳಿದರೆಂದಲ್ಲ. 1825ರ ಫೆಬ್ರವರಿಯ ಪ್ರವಾಹದಲ್ಲಿ ಹಾಲಿಗ್‌ಗಳ ಎಷ್ಟೋ ಮನೆಗಳು ಮಾಡು ಸಹಿತ ಕೊಚ್ಚಿಹೋದವು, ಹಲವರು ಸತ್ತರು.

ಸಮುದ್ರ ಏರುವುದೇಕೆ?

ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಚಂದ್ರ ಮತ್ತು ಸೂರ್ಯರ ಸೆಳೆತ ಒಂದಾಗಿ ಉಬ್ಬರ ಹೆಚ್ಚುತ್ತದೆ. ಇದು ಶಾಲೆಯ ಪಾಠ. ಆದರೆ ಬರೀ ಇದರಿಂದ ಮಹಾಪ್ರವಾಹ ಆಗದು. ಇನ್ನೂ ಎರಡು ಕಾರಣಗಳು ಕೂಡಬೇಕು.

ಮೊದಲನೆಯದು ವಾಯುಭಾರ. ಗಾಳಿ ಸಮುದ್ರವನ್ನು ಸದಾ ಒತ್ತುತ್ತಿರುತ್ತದೆ. ವಾಯುಭಾರ 1 ಮಿಲಿಬಾರ್ ಇಳಿದರೆ ನೀರಿನ ಮಟ್ಟ ಸುಮಾರು 1 ಸೆಂಟಿಮೀಟರ್ ಏರುತ್ತದೆ. 50 ಮಿಲಿಬಾರ್ ಇಳಿದರೆ ಅರ್ಧ ಮೀಟರ್.

ಎರಡನೆಯದು ಬಿರುಗಾಳಿ. ಇದರ ಪಾಲೇ ದೊಡ್ಡದು. ವಾಯವ್ಯದಿಂದ ಬೀಸುವ ಗಾಳಿ ನೀರನ್ನು ಜರ್ಮನಿಯ ಮೂಲೆಗೆ ತಳ್ಳುತ್ತದೆ. ಸಮುದ್ರ ಆಳವಾಗಿದ್ದರೆ ಮೇಲೆ ತಳ್ಳಿದ ನೀರು ಅಡಿಯಿಂದ ಹಿಂದಕ್ಕೆ ಹರಿದುಹೋಗುತ್ತದೆ. ಉತ್ತರ ಸಮುದ್ರದ ದಕ್ಷಿಣ ಭಾಗದ ಬಹುಪಾಲು 50 ಮೀಟರಿನಷ್ಟೂ ಆಳವಿಲ್ಲ. ಹಿಂದಕ್ಕೆ ಹೋಗಲು ಜಾಗ ಸಾಲದೆ ನೀರು ತೀರದಲ್ಲಿ ಪೇರಿಕೊಳ್ಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಪೇರಿಸುವ ನೀರಿನ ಎತ್ತರ ನಾಲ್ಕು ಪಟ್ಟಾಗುತ್ತದೆ. ಉಬ್ಬರ ಬರುವ ಹೊತ್ತಿಗೇ ಈ ಗಾಳಿಯೂ ಬಂದರೆ ಅನಾಹುತ ತಪ್ಪದು.

ತಗ್ಗಿದ ನೆಲ, ಮುಳುಗಿದ ಊರು

1362ರ ಜನವರಿಯಲ್ಲಿ ಹಾಗೇ ಆಯಿತು. 'ಜನರನ್ನು ಮುಳುಗಿಸಿದ ಮಹಾಪ್ರವಾಹ' ಎಂದೇ ಆ ತೀರದ ಜನ ಅದನ್ನು ನೆನೆಯುತ್ತಾರೆ. ರುಂಗ್‌ಹೋಲ್ಟ್ ಎಂಬ ಶ್ರೀಮಂತ ವ್ಯಾಪಾರದ ಊರು ಅಂದು ಕಣ್ಮರೆಯಾಯಿತು. ಬಹುಕಾಲ ಅದನ್ನು ಕಟ್ಟುಕತೆ ಎಂದವರೂ ಇದ್ದರು. 1921ರಿಂದ ಆಂದ್ರೇಯಾಸ್ ಬುಷ್ ಎಂಬ ರೈತ ಇಳಿತದ ವೇಳೆ ಕೆಸರಿನಲ್ಲಿ ನಡೆದು, ಸ್ಯೂಡ್‌ಫಾಲ್ ಎಂಬ ಹಾಲಿಗ್‌ನ ಬಳಿ ಬಾವಿಗಳ ವೃತ್ತಗಳು, ದಿಬ್ಬಗಳ ಬುಡ, ನೀರು ಬಿಡುವ ಮರದ ತೂಬು ಇವನ್ನೆಲ್ಲ ಗುರುತಿಸಿ ನಕ್ಷೆ ಬರೆದರು. 2023ರಲ್ಲಿ ಜರ್ಮನಿಯ ವಿಜ್ಞಾನಿಗಳು ಕಾಂತಕ್ಷೇತ್ರ ಅಳೆಯುವ ಉಪಕರಣಗಳಿಂದ ಅದೇ ಪ್ರದೇಶದಲ್ಲಿ ಸುಮಾರು 40 ಮೀಟರ್ ಉದ್ದದ ಚರ್ಚೊಂದರ ತಳಪಾಯವನ್ನು ಪತ್ತೆ ಮಾಡಿದರು.

ರುಂಗ್‌ಹೋಲ್ಟ್‌ನ ಜನ ಸಮುದ್ರಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಕಟ್ಟಿದ್ದರು. ಒಳಗಿನ ಜೌಗಿನ ನೀರನ್ನು ಕಾಲುವೆ ತೋಡಿ ತೂಬಿನಿಂದ ಹೊರಬಿಟ್ಟು ಹೊಲ ಮಾಡಿದ್ದರು. ತಪ್ಪೇನು? ಆ ನೆಲದಡಿ ಪೀಟ್ ಇತ್ತು. ನೀರಿನಲ್ಲಿ ಮುಳುಗಿ ಪೂರ್ತಿ ಕೊಳೆಯದೆ ಉಳಿದ ಗಿಡಗಳ ಪದರವೇ ಪೀಟ್. ಪ್ಲಿನಿ ಕಂಡ, ಉರಿಯುವ ಕೆಸರುಮಣ್ಣು ಇದೇ. ನೀರು ಬಸಿದೊಡನೆ ಅದು ಒಣಗಿದ ಸ್ಪಂಜಿನಂತೆ ಕುಗ್ಗುತ್ತದೆ. ಗಾಳಿ ಒಳಹೊಕ್ಕು ಸೂಕ್ಷ್ಮಜೀವಿಗಳು ಚುರುಕಾಗಿ ಅದನ್ನು ತಿಂದುಹಾಕುತ್ತವೆ. ನೆಲ ವರ್ಷ ವರ್ಷವೂ ತಗ್ಗುತ್ತದೆ. ಸಾಲದ್ದಕ್ಕೆ, ಸಮುದ್ರದ ಉಪ್ಪು ಹೀರಿದ ಪೀಟನ್ನು ಜನ ಅಗೆದು, ಒಣಗಿಸಿ, ಸುಟ್ಟು, ಬೂದಿಯಿಂದ ಉಪ್ಪು ತೆಗೆದು ಮಾರುತ್ತಿದ್ದರು. ಉಪ್ಪಿನಿಂದ ಹಣ ಬಂತು, ನೆಲ ಇನ್ನಷ್ಟು ತಗ್ಗಿತು. ಒಡ್ಡು ಒಡೆದ ರಾತ್ರಿ, ಅವರ ಹೊಲಗಳು ಹೊರಗಿನ ಸಮುದ್ರಕ್ಕಿಂತ ಬಹಳ ಕೆಳಗಿದ್ದವು. ನುಗ್ಗಿದ ನೀರು ಹಿಂದಕ್ಕೆ ಹೋಗಲಿಲ್ಲ.

1634ರ ಅಕ್ಟೋಬರ್ 11ರ ರಾತ್ರಿ ಅದೇ ಕತೆ ಮರುಕಳಿಸಿತು. ಸ್ಟ್ರಾಂಡ್ ಎಂಬ ದೊಡ್ಡ ದ್ವೀಪದ ಒಡ್ಡುಗಳು ಒಡೆದು ಅಲ್ಲೊಂದರಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ದ್ವೀಪ ಹರಿದು ಚೂರಾಯಿತು. ನೆದರ್ಲೆಂಡಿನಲ್ಲಿ ಸರೋವರಗಳನ್ನು ಬರಿದು ಮಾಡಿ ಹೊಲವಾಗಿಸಿ ಹೆಸರಾಗಿದ್ದ ಯಾನ್ ಲೇಗ್‌ವಾಟರ್ ಎಂಬ ಎಂಜಿನಿಯರ್ ಅಂದು ಅದೇ ತೀರದಲ್ಲಿ ಕೆಲಸ ಮಾಡಿಸುತ್ತಿದ್ದ. ಮಗನೊಂದಿಗೆ ಹೇಗೋ ಬದುಕುಳಿದ ಆತ, ಎತ್ತರದ ಒಡ್ಡಿನ ಮೇಲೆ ದೊಡ್ಡ ಹಡಗುಗಳು ಬಂದು ನಿಂತಿದ್ದುದನ್ನು ಕಂಡುದಾಗಿ ಬರೆದಿಟ್ಟಿದ್ದಾನೆ.

ಉಳಿದವರು ಎಲ್ಲಿ ಆಸರೆ ಪಡೆದರು? ಸ್ಟ್ರಾಂಡ್‌ನಲ್ಲಿ ಯಾರೂ ನೀರು ಬಸಿಯದೆ, ಉಳದೆ, ನಿರುಪಯೋಗಿ ಎಂದು ಬಿಟ್ಟಿದ್ದ ಒಂದು ಜೌಗು ಇತ್ತು. ಸುತ್ತಲಿನ ಹೊಲ ತಗ್ಗಿದ್ದರೂ ಅದು ಮಾತ್ರ ಎತ್ತರವಾಗಿ ಉಳಿದಿತ್ತು. ಬದುಕಿದವರಲ್ಲಿ ಕೆಲವರು ಅಲ್ಲಿಗೆ ಹೋಗಿ ನೆಲೆಸಿದರು. ಅದೇ ಇಂದಿನ ನಾರ್ಡ್‌ಸ್ಟ್ರಾಂಡಿಷ್‌ಮೋರ್ ಹಾಲಿಗ್.

ಪ್ರವಾಹದ ಕೊಡುಗೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಾಲಿಗ್‌ಗಳು ಉಳಿದದ್ದು ಹೇಗೆ?

ಬಿರುಗಾಳಿಯ ಸಮುದ್ರ ಕದಡಿದ ನೀರನ್ನು ಹೊತ್ತು ತರುತ್ತದೆ. ಅದು ಹುಲ್ಲಿನ ಮೇಲೆ ಹರಡಿದಾಗ ವೇಗ ತಗ್ಗುತ್ತದೆ. ನಿಧಾನವಾದ ನೀರು ಮಣ್ಣನ್ನು ಹೊರಲಾರದು. ನೀರು ಇಳಿದ ಮೇಲೆ ಹುಲ್ಲಿನ ಬುಡದಲ್ಲಿ ತೆಳುವಾದ ಮೆಕ್ಕಲಿನ ಪದರ ಉಳಿಯುತ್ತದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್. ಆದರೆ ನೂರಾರು ವರ್ಷಗಳಲ್ಲಿ ಅದೇ ನೆಲವಾಗುತ್ತದೆ. ಮಧ್ಯಯುಗದ ಪ್ರವಾಹಗಳಲ್ಲಿ ಮುಳುಗಿದ ಹಳೆಯ ನೆಲದ ಮೇಲೆ ಇಂದಿನ ಹಾಲಿಗ್‌ಗಳ ಬಹುಭಾಗ ಬೆಳೆದದ್ದು ಹೀಗೇ. ಸಮುದ್ರವನ್ನು ಹೊರಗಿಟ್ಟ ನೆಲ ಕುಸಿಯಿತು. ಒಳಬಿಟ್ಟ ನೆಲ ಏರಿತು.

ಆದರೆ ಇಂದು ಈ ಲೆಕ್ಕ ತಪ್ಪುವ ಭಯವಿದೆ. ಅಂಚು ಕೊರೆಯದಿರಲೆಂದು ಹಾಲಿಗ್‌ಗಳ ಸುತ್ತ ಕಲ್ಲು ಕಟ್ಟಿದ್ದಾರೆ. ಹೋಗೆಗೆ 1911ರಿಂದ 1914ರವರೆಗೆ ಒಂದು ತಗ್ಗಿನ ಒಡ್ಡನ್ನೂ ಕಟ್ಟಿದರು. ಇದರಿಂದ ಹುಲ್ಲು, ದನ ಉಳಿದವು. ಆದರೆ ಸಮುದ್ರ ಒಳಬರುವುದು ಕಡಿಮೆಯಾದಷ್ಟೂ ಮೆಕ್ಕಲು ಕಡಿಮೆ. ಇತ್ತ ಭೂಮಿ ಬಿಸಿಯಾಗಿ ಸಮುದ್ರದ ಮಟ್ಟ ಏರುತ್ತಿದೆ. ಹೋಗೆಯಂಥ ಕಡೆ ನೆಲ ಏರುವ ವೇಗಕ್ಕಿಂತ ಉಬ್ಬರದ ನೀರು ಏರುವ ವೇಗ ಹೆಚ್ಚು ಎಂದು ಅಳತೆಗಳು ಹೇಳುತ್ತವೆ.

ಹ್ಯಾಂಬರ್ಗ್ ನಗರದಲ್ಲಿ 315 ಜನರನ್ನು ಬಲಿ ತೆಗೆದುಕೊಂಡ 1962ರ ಫೆಬ್ರವರಿಯ ಪ್ರವಾಹದ ನಂತರ ಹಾಲಿಗ್ ಮನೆಗಳ ಮೇಲಂತಸ್ತಿನಲ್ಲಿ ಕಾಂಕ್ರೀಟ್ ಕಂಬಗಳ ಮೇಲೆ ನಿಂತ ಆಸರೆಯ ಕೋಣೆಗಳು ಬಂದವು. ಹಳೆಯ ಓಕ್ ಕಂಬದ ಉಪಾಯವೇ ಹೊಸ ರೂಪ ತಳೆಯಿತು. ಈಗ ದಿಬ್ಬಗಳನ್ನು ಮತ್ತೆ ಎತ್ತರಿಸುತ್ತಿದ್ದಾರೆ, ಅಗಲ ಮಾಡುತ್ತಿದ್ದಾರೆ. ಇನ್ನೊಂದು ಕಷ್ಟದ ಪ್ರಶ್ನೆಯೂ ಅವರ ಮುಂದಿದೆ: ಹುಲ್ಲುಗಾವಲಿಗೆ ಸಮುದ್ರವನ್ನು ಇನ್ನೂ ಹೆಚ್ಚು ಸಲ ಒಳಬಿಡಬೇಕೇ? ಬಿಟ್ಟರೆ ಇಂದಿನ ಮೇವಿಗೆ ನಷ್ಟ. ಬಿಡದಿದ್ದರೆ ಮೊಮ್ಮಕ್ಕಳ ನೆಲಕ್ಕೆ ನಷ್ಟ.

ಪ್ಲಿನಿ ಕನಿಕರಪಟ್ಟ ಜನರಿಗೆ ಗಾಳಿ, ಮಳೆ, ಉಬ್ಬರ ಮೂರರ ಗುಣವೂ ಗೊತ್ತಿತ್ತು. ತಮ್ಮನ್ನು ಎತ್ತರಿಸಿಕೊಂಡು ನೀರಿಗೆ ದಾರಿ ಬಿಟ್ಟರು. ಅದು ಬಡತನದ ಬದುಕೇ ಆಗಿತ್ತು, ಆದರೆ ಅವಿವೇಕದ ಬದುಕಾಗಿರಲಿಲ್ಲ.

ಮಾಡಿ ನೋಡಿ

1. ಒಂದು ಅಗಲವಾದ ಚಪ್ಪಟೆ ತಟ್ಟೆಯಲ್ಲಿ ತಳ ಮುಚ್ಚುವಷ್ಟೇ ನೀರು ಹಾಕಿ. ಇನ್ನೊಂದು ಆಳವಾದ ಪಾತ್ರೆಯ ತುಂಬ ನೀರು ತುಂಬಿ. ಎರಡರ ಮೇಲೂ ಒಂದು ಬದಿಯಿಂದ ಜೋರಾಗಿ ಊದಿ. ಯಾವುದರಲ್ಲಿ ನೀರು ಒಂದು ಕಡೆ ಸರಿದು ತಳ ಕಾಣುತ್ತದೆ? ಉತ್ತರ ಸಮುದ್ರ ಯಾವ ಪಾತ್ರೆಯನ್ನು ಹೋಲುತ್ತದೆ?

2. ನಿಮ್ಮ ಮನೆಯ ಮಾಡಿನ ಅಥವಾ ತಾರಸಿಯ ಉದ್ದ, ಅಗಲವನ್ನು ತಂದೆತಾಯಿಯರೊಂದಿಗೆ ಮೀಟರಿನಲ್ಲಿ ಅಳೆಯಿರಿ. ನಿಮ್ಮ ಊರಿನ ವಾರ್ಷಿಕ ಮಳೆಯನ್ನು ಮೀಟರಿಗೆ ಪರಿವರ್ತಿಸಿ ಗುಣಿಸಿ. ಬಂದ ಘನ ಮೀಟರನ್ನು 1,000ದಿಂದ ಗುಣಿಸಿದರೆ ಲೀಟರು ಸಿಗುತ್ತದೆ. ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಖರ್ಚಾಗುತ್ತದೆ ಎಂದು ಒಂದು ವಾರ ಬರೆದಿಡಿ. ಆ ಮಳೆನೀರೊಂದರಲ್ಲೇ ನಿಮ್ಮ ಮನೆ ಎಷ್ಟು ತಿಂಗಳು ನಡೆದೀತು?